‘ಏಳೇ ಕೆಜಿ ಜೀನು’ ಅಂದರೆ ನಂಬಬೇಡಿ, ನಾನು ನಂಬಿ ಕೆಟ್ಟೆ

ದೂರದ ಸವಾರಿಗೆ ಜೀನು (ಕುದುರೆ ಬೆನ್ನಿಗೆ ಬಿಗಿಯುವ ಆಸನ) ಹುಡುಕುತ್ತಿರುವವರು ದಯವಿಟ್ಟು ಇದನ್ನು ಓದಿ. ಮೂವತ್ತೆರಡು ಸಾವಿರ ಹೋಯಿತು. ದುಡ್ಡಿಗಿಂತ ಕುದುರೆ ಬೆನ್ನಿನದೇ ಹೊಟ್ಟೆಯುರಿ.

ಮೂಡಿಗೆರೆ ಹತ್ತಿರ ನಮ್ಮ ತೋಟ. 40 ಕಿಲೋಮೀಟರ್ ಎಂಡ್ಯೂರೆನ್ಸ್ ಅಂದರೆ ದೂರದ ಸವಾರಿಗೆ ತಯಾರಾಗುತ್ತಿದ್ದೆ. ಹಾಸನದ ಕಡೆಯ ಒಬ್ಬ ವ್ಯಾಪಾರಿ, ‘ಕಾನ್ಪುರದ ಮಾಲು ಸಾರ್, ಏಳೇ ಕೆಜಿ, ಯಾವ ಕುದುರೆಗಾದ್ರೂ ಕೂರುತ್ತೆ’ ಅಂದರು. ಕೇಳಿದ್ದು ನನ್ನ ಪ್ಯಾಂಟ್ ಸೈಜ್ ಮಾತ್ರ. ‘38 ಅಲ್ವಾ? ಹದಿನೇಳೂವರೆ ಇಂಚಿನ ಸೀಟು ಸಾಕು.’ ಕುದುರೆ ಬೆನ್ನು ಅಗಲವೋ ಕಿರಿದೋ ಕೇಳಲೇ ಇಲ್ಲ. ಅತ್ತೆಯ ಕೈ ಅಳೆದು ಸೊಸೆಗೆ ಬಳೆ ಕೊಟ್ಟ ಹಾಗೆ. ನಾನೂ ಸುಮ್ನೆ ತಲೆ ಆಡಿಸಿದೆ, ನೋಡಿ.

ಮೂರನೇ ಸವಾರಿ. ಗೋಣಿಬೀಡು ಕಡೆ ಹೋಗಿ ಬಂದು ಜೀನು ಬಿಚ್ಚಿದೆ. ಬೆನ್ನೆಲ್ಲ ಬೆವರಿ ತೊಪ್ಪೆ. ಹೆಗಲಿನ ಎರಡೂ ಪಕ್ಕ ಮಾತ್ರ ಅಂಗೈ ಅಗಲ ಒಣ ಒಣ. ಅಲ್ಲಿ ಬೆವರಿಲ್ಲ, ಒಳ್ಳೆಯದೇ ಅಂದುಕೊಂಡೆ! ಮಾರನೇ ದಿನ ಡಾಕ್ಟರು ಬಂದು ಆ ಜಾಗ ಬೆರಳಲ್ಲಿ ಒತ್ತಿದರು. ಕುದುರೆ ಕಿವಿ ಹಿಂದಕ್ಕೆ ಮಾಡಿ ಬೆನ್ನು ತಗ್ಗಿಸಿತು. ‘ಜೀನಿನ ಚೌಕಟ್ಟು ಕಿರಿದು. ಅಲ್ಲೇ ಒತ್ತಿ ಒತ್ತಿ ಬೆವರು ಕೂಡ ಬಂದಿಲ್ಲ’ ಅಂದರು. ಆಮೇಲೆ, ‘ನಿಮ್ಮ ತೂಕ ಎಷ್ಟು?’

ಎಂಬತ್ತು ಅಂದೆ. ಕಾಫಿ ಮೂಟೆ ತೂಗುವ ಮಿಷನ್ ಮೇಲೆ ನಿಲ್ಲಿಸಿದರು, ಕೆಲಸದವರೆಲ್ಲ ನೋಡುತ್ತಿದ್ದಾರೆ. 89. ಜೀನು, ರಿಕಾಬು (ಕಾಲಿಡುವ ಬಳೆ), ಹೊಟ್ಟೆಗೆ ಬಿಗಿಯುವ ಪಟ್ಟಿ ಸೇರಿ 11 ಕೆಜಿ 400 ಗ್ರಾಂ. ಟೇಪು ಹಿಡಿದು ಅಂದಾಜು ಮಾಡಿದರೆ ಕುದುರೆ 360 ಕೆಜಿ. ಸವಾರ, ಜೀನು ಎಲ್ಲ ಸೇರಿ ಕುದುರೆ ತೂಕದ ಶೇಕಡಾ 20ರೊಳಗೆ ಇರಲಿ ಅನ್ನುವುದು ಸಾಮಾನ್ಯ ಲೆಕ್ಕ. ಅಂದರೆ 72. ನಾನು ಹೊರಿಸಿದ್ದು ನೂರಕ್ಕೂ ಜಾಸ್ತಿ.

ನನ್ನ ತೂಕ ನನ್ನ ತಪ್ಪು, ಒಪ್ಪಿದೆ. ಆದರೆ ಏಳು ಕೆಜಿ ಎಲ್ಲಿ, ಹನ್ನೊಂದೂವರೆ ಎಲ್ಲಿ?

ವ್ಯಾಪಾರಿಗೆ ಫೋನ್ ಮಾಡಿದೆ. ‘ಏಳು ಅಂದ್ರೆ ಬರೀ ಜೀನು ಸಾರ್.’ ರಿಕಾಬು, ಪಟ್ಟಿ ಬಿಚ್ಚಿ ತೂಗಿದೆ. 9 ಕೆಜಿ 600. ಫೋಟೋ ಕಳಿಸಿದೆ. ‘ನಿಮ್ಮ ತಕ್ಕಡಿ ಸರಿ ಇಲ್ಲ.’ ಪ್ರತಿ ವರ್ಷ ಅದೇ ಮಿಷನ್‌ನಲ್ಲಿ ತೂಗಿ ಕಾಫಿ ಮಾರುತ್ತೇನೆ ಮಾರಾಯ್ರೆ! ‘ಜೀನಿನ ಕೆಳಗೆ ದಪ್ಪ ಪ್ಯಾಡ್ ಹಾಕಿ, ಸರಿ ಹೋಗುತ್ತೆ.’ ಮೊದಲೇ ಬಿಗಿ ಇರುವ ಚಪ್ಪಲಿಗೆ ಇನ್ನೊಂದು ಸಾಕ್ಸ್ ಹಾಕಿದರೆ ಸಡಿಲ ಆಗುತ್ತದಾ? ‘ಅರಬ್ಬಿ ಕುದುರೆಗಳು 30 ಪರ್ಸೆಂಟ್ ಹೊತ್ತು ನೂರು ಮೈಲಿ ಓಡ್ತವೆ ಸಾರ್.’ ಓಡಿವೆ, ಹೌದು. ಅವು ವರ್ಷಗಟ್ಟಲೆ ಪಳಗಿದ ಕುದುರೆಗಳು, ಬೆನ್ನಿಗೆ ಸರಿ ಕೂರುವ ಜೀನು ಬೇರೆ. ನನ್ನದು ಗುಜರಾತಿನ ಕಾಠಿಯಾವಾಡಿ ತಳಿಯ ಮಿಶ್ರ, ಹೋದ ವರ್ಷದವರೆಗೆ ಮದುವೆ ಮೆರವಣಿಗೆಗೆ ಹೋಗುತ್ತಿತ್ತು.

ಕೊನೆಗೆ ಬಂದ ಮೆಸೇಜ್: ‘ಬೇಜಾರು ಮಾಡ್ಕೋಬೇಡಿ ಸಾರ್, ಮೊದಲು ನೀವು ಸ್ವಲ್ಪ ಸಣ್ಣ ಆಗಿ.’ ಓದಿ ಮೈ ಉರಿದು ಹೋಯಿತು. ದುಡ್ಡು ವಾಪಸ್ ಇಲ್ಲ.

ತೆಗೆದುಕೊಳ್ಳುವ ಮೊದಲು ಕುದುರೆ ಬೆನ್ನ ಮೇಲೆ ಪ್ಯಾಡ್ ಇಲ್ಲದೆ ಇಟ್ಟು ನೋಡಿ. ನೀವು ಹತ್ತಿ ಕೂತ ಮೇಲೂ ಕುದುರೆಯ ಎರಡು ಹೆಗಲ ನಡುವಿನ ಉಬ್ಬು ಮೂಳೆಗೂ ಜೀನಿಗೂ ನಡುವೆ ಎರಡು ಮೂರು ಬೆರಳು ಹೋಗಬೇಕು. ನಿಮ್ಮ ಕಣ್ಣೆದುರೇ ತೂಗಿಸಿ. ತೂಗಲ್ಲ ಅಂದರೆ ಎದ್ದು ಬನ್ನಿ.

ಕುದುರೆಗೆ ಈಗ ಆರು ವಾರ ರಜೆ. ಜೀನು ಕಾಫಿ ಗೋದಾಮಿನಲ್ಲಿ ನೇತಾಡುತ್ತಿದೆ. ಅವರ ಜಾಹೀರಾತು ಈ ವಾರ ಮತ್ತೆ ಬಂದಿದೆ, ಅದೇ ಫೋಟೋ. ಈಗ ‘ಆರೂವರೆ ಕೆಜಿ’ ಅಂತೆ.