ಎಸಿ128, ಬಿಸಿ547: ಬಿಸಿಗೆ ಹೆದರಿದ್ದು ಯಾವುದು?

ನಾನು ಮೊದಲು ಬೆಸುಗೆ ಹಾಕಿದ್ದು ಹಾಳಾದ ರೇಡಿಯೊದಿಂದ ಕಿತ್ತ ಎಸಿ128 ಅನ್ನೋ ಟ್ರಾನ್ಸಿಸ್ಟರಿಗೆ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆಡಿಸುವ ಬಿಡಿಭಾಗಕ್ಕೆ. ತಗಡಿನ ಪುಟ್ಟ ಡಬ್ಬಿ, ಮೂರು ಕಾಲು. ಆಮೇಲೆ ಕೈಗೆ ಸಿಕ್ಕಿದ್ದು ಕರಿ ಪ್ಲಾಸ್ಟಿಕ್ಕಿನ ಬಿಸಿ547. ಮೊದಲನೆಯದು ಜರ್ಮೇನಿಯಮ್, ಎರಡನೆಯದು ಸಿಲಿಕಾನ್. ತಮಾಷೆ ಅಂದರೆ, ಎಸಿ ಅನ್ನೋ ಹೆಸರಿನದಕ್ಕೇ ಸೆಕೆ ತಡೆಯೋಲ್ಲ. ಬಿಸಿ ಅನ್ನೋದು ತಣ್ಣಗೆ ಕೂತಿರುತ್ತದೆ.

ಇದನ್ನು ಕಣ್ಣಾರೆ ನೋಡಬಹುದು. ಎಸಿ128ರ ಬೇಸ್ ಕಾಲನ್ನು, ಅಂದರೆ ಕರೆಂಟನ್ನು ಹತೋಟಿಯಲ್ಲಿಡುವ ಕಾಲನ್ನು, ಯಾವುದಕ್ಕೂ ಜೋಡಿಸದೆ, ಉಳಿದೆರಡು ಕಾಲುಗಳನ್ನು ಮಿಲಿಆಂಪ್ ಮೀಟರಿನ ಮೂಲಕ 9 ವೋಲ್ಟ್ ಬ್ಯಾಟರಿಗೆ ಕೊಟ್ಟೆ. ಮುಳ್ಳು ಸೊನ್ನೆ ಬಿಟ್ಟು ಸ್ವಲ್ಪ ಎದ್ದಿತು. ಡಬ್ಬಿಯನ್ನು ಎರಡು ಬೆರಳಲ್ಲಿ ಹಿಡಿದೆ, ಅಷ್ಟೇ. ಮೈಶಾಖಕ್ಕೇ ಮುಳ್ಳು ಮೆಲ್ಲಗೆ ಏರತೊಡಗಿತು, ಬಿಟ್ಟರೆ ಇಳಿಯಿತು. ಬ್ಯಾಟರಿ ತಿರುಗಿಸಿ ಬಿಸಿ547ಕ್ಕೂ ಹಾಗೇ ಮಾಡಿದರೆ ಮುಳ್ಳು ಅಲ್ಲಾಡಲೇ ಇಲ್ಲ. ಬೇಸ್ ಜೋಡಿಸದಿದ್ದರೂ ಹರಿಯುವ ಈ ಸೋರಿಕೆ ಕರೆಂಟೇ ನನ್ನ ಮೊದಲ ಆಂಪ್ಲಿಫೈಯರನ್ನು ಕೊಂದದ್ದು. ಎಮಿಟರ್ ಅನ್ನೋ ಕಾಲಿಗೆ ಕರೆಂಟನ್ನು ಹಿಡಿದಿಡುವ ರೆಸಿಸ್ಟರ್ ಯಾಕೆ, ದಂಡ ಅಂತ ಬಿಟ್ಟಿದ್ದೆ. ಬಿಸಿಯಾದಷ್ಟೂ ಕರೆಂಟ್ ಹೆಚ್ಚು, ಕರೆಂಟ್ ಹೆಚ್ಚಿದಷ್ಟೂ ಬಿಸಿ. ಹಾಡು ಕರಕರ ಅಂದು ನಿಂತುಹೋಯಿತು, ಡಬ್ಬಿ ಮುಟ್ಟಿದ ಬೆರಳು ಚುರುಕ್ ಅಂದಿತು.

ಬೆಸುಗೆ ಹಾಕುವಾಗಲೂ ಅದೇ ಗೋಳು. ಎಸಿ128ರ ಕಾಲನ್ನು ಇಕ್ಕಳದಲ್ಲಿ ಹಿಡಿದು, ಶಾಖ ಒಳಗೆ ಹೋಗದ ಹಾಗೆ ನೋಡಿಕೊಳ್ಳಬೇಕು. ಬಿಸಿ547 ನನ್ನಂಥ ನಿಧಾನದ ಕೈಯನ್ನೂ ಸಹಿಸಿಕೊಂಡಿತು.

ಇನ್ನೊಂದು ತೊಡಕು: ಎಸಿ128 ಪಿಎನ್‌ಪಿ, ಬಿಸಿ547 ಎನ್‌ಪಿಎನ್. ಅಂದರೆ ಒಂದರ ಪ್ಲಸ್-ಮೈನಸ್ ಇನ್ನೊಂದಕ್ಕೆ ಉಲ್ಟಾ. ಎಸಿ128ರ ಜಾಗದಲ್ಲಿ ಬಿಸಿ547ನ್ನು ಹಾಗೇ ಕೂರಿಸಿ, ಒಂದು ಸಂಜೆಯೆಲ್ಲ ಮೌನ ಕೇಳಿಸಿಕೊಂಡೆ. ಬ್ಯಾಟರಿಯ ಜೊತೆಗೆ, ಪ್ಲಸ್-ಮೈನಸ್ ಇರುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳನ್ನೂ ತಿರುಗಿಸಬೇಕು.

ಹಾಗಂತ ಜರ್ಮೇನಿಯಮ್ ಬರೀ ರಗಳೆಯಲ್ಲ. 1947ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಬಾರ್ಡೀನ್ ಮತ್ತು ಬ್ರಾಟೈನ್ ಮಾಡಿ ತೋರಿಸಿದ ಮೊದಲ ಟ್ರಾನ್ಸಿಸ್ಟರು ಜರ್ಮೇನಿಯಮ್ಮಿನದೇ. ಸುಮಾರು 938 ಡಿಗ್ರಿಗೆ ಕರಗುವ ಅದನ್ನು ಶುದ್ಧ ಮಾಡುವುದು 1414 ಡಿಗ್ರಿ ಕೇಳುವ ಸಿಲಿಕಾನಿಗಿಂತ ಸುಲಭವಿತ್ತು. ಅದರ ಬೇಸ್ 0.2 ವೋಲ್ಟಿನ ಆಸುಪಾಸಿನಲ್ಲೇ ಬಾಗಿಲು ತೆರೆಯುತ್ತದೆ, ಸಿಲಿಕಾನಿಗೆ 0.6 ಬೇಕು. ಒಂದೇ ಸೆಲ್ಲಿನ ಸರ್ಕ್ಯೂಟಿನಲ್ಲಿ, ಸೆಲ್ ಸೊರಗಿದಾಗ ಮೊದಲು ಮೆತ್ತಗಾದದ್ದು ಬಿಸಿ547ರ ಸದ್ದೇ.

ಈ ವ್ಯತ್ಯಾಸ ಚೆನ್ನಾಗಿ ಕಂಡದ್ದು ಡಯೋಡಿನಲ್ಲಿ, ಅಂದರೆ ಕರೆಂಟನ್ನು ಒಂದೇ ಕಡೆಗೆ ಬಿಡುವ ಬಿಡಿಭಾಗದಲ್ಲಿ. ಸೆಲ್ ಇಲ್ಲದ ಕ್ರಿಸ್ಟಲ್ ರೇಡಿಯೊಗೆ ಜರ್ಮೇನಿಯಮ್ಮಿನ ಓಎ79 ಹಾಕಿದರೆ ಇಯರ್‌ಫೋನಿನಲ್ಲಿ ಮಾತು ಸಣ್ಣಗೆ, ಸ್ಪಷ್ಟವಾಗಿ ಬಂತು. ಅದನ್ನು ತೆಗೆದು ಸಿಲಿಕಾನಿನ 1ಎನ್4148 ಹಾಕಿದೆ. ಕೇಳಿಸಿದ್ದು ನನ್ನ ಉಸಿರು ಮಾತ್ರ.

ಈಗ ಹೊಸದಾಗಿ ಏನಾದರೂ ಕಟ್ಟುವಾಗ ಬಿಸಿ547ನ್ನೇ ಎತ್ತಿಕೊಳ್ಳುತ್ತೇನೆ. ಓಎ79 ಮಾತ್ರ ಕ್ರಿಸ್ಟಲ್ ರೇಡಿಯೊದಲ್ಲಿ ಹಾಗೇ ಇದೆ.