4.56 ಹಾಕಿಸಲೋ 4.88 ಹಾಕಿಸಲೋ, ಜೊತೆಗೆ ಯಾವ ಲಾಕರ್: ಓಡಿಸಿ ನೋಡಿದ ಮೇಲೆ

ನನ್ನದು ಎರಡು ಬಾಗಿಲಿನ ಜೀಪ್ ರ‍್ಯಾಂಗ್ಲರ್ ಜೆಕೆ, 3.8 ಲೀಟರ್ ಪೆಟ್ರೋಲ್ ಎಂಜಿನ್, ಆರು ಗೇರಿನ ಮ್ಯಾನುಯಲ್. ಮೊದಲಿದ್ದದ್ದು 29 ಇಂಚಿನ ಆಸುಪಾಸಿನ ಟೈರ್, ಎರಡೂ ಆಕ್ಸಲ್‌ಗಳಲ್ಲಿ 3.73 ಗೇರ್ (ಚಕ್ರ ಒಂದು ಸುತ್ತು ಬರಲು ಆಕ್ಸಲ್‌ಗೆ ಬರುವ ಶಾಫ್ಟ್ 3.73 ಸುತ್ತು ತಿರುಗಬೇಕು, 4.56, 4.88 ಅಂದರೂ ಇದೇ ಲೆಕ್ಕ). 33 ಇಂಚಿನ ಟೈರ್ ಹಾಕಿಸಿದ ದಿನವೇ ಗಾಡಿ ಮಂಕಾಯಿತು. ಆರನೇ ಗೇರ್ ಇದ್ದೂ ಇಲ್ಲದಂತಾಯಿತು, ಸಣ್ಣ ಏರು ಬಂದರೂ ನಾಲ್ಕಕ್ಕೆ ಇಳಿಸಬೇಕು, ಹೊರಡುವಾಗಲೆಲ್ಲ ಕ್ಲಚ್ ಒಂಚೂರು ಜಾಸ್ತಿಯೇ ಜಾರಿಸಬೇಕು.

ಆಗ ನಾನು ಗೇರ್ ಮುಟ್ಟದೆ ಮೊದಲು ಹಿಂದಿನ ಆಕ್ಸಲ್‌ಗೆ ಲಾಕರ್, ಅಂದರೆ ಎರಡೂ ಕಡೆಯ ಚಕ್ರ ಒಟ್ಟಿಗೇ ತಿರುಗುವಂತೆ ಮಾಡುವ ಸಾಧನ, ಹಾಕಿಸಿದೆ. ಕೊರಕಲಿನಲ್ಲಿ ಒಂದು ಚಕ್ರ ಗಾಳಿಯಲ್ಲಿ ತಿರುಗುತ್ತಾ ನಿಲ್ಲುತ್ತಿತ್ತಲ್ಲ, ಅದೊಂದು ಸರಿಹೋದರೆ ಸಾಕು ಅಂದುಕೊಂಡೆ. ಅದು ಸರಿಹೋಯಿತು ಕೂಡ. ಆದರೆ 3.73ರಂಥ ಉದ್ದ ಗೇರಿನಲ್ಲಿ ನಿಧಾನವಾಗಿ ಹತ್ತಲು ಆಗುವುದಿಲ್ಲ. ಎಂಜಿನ್ ಬಂದ್ ಆಗಬಾರದು ಅಂತ ಸ್ವಲ್ಪ ವೇಗದಲ್ಲೇ ನುಗ್ಗಿಸಬೇಕು. ಹಾಗೆ ನುಗ್ಗಿಸಿದ ಒಂದು ದಿನ ಎಡಗಡೆಯ ಹಿಂಚಕ್ರ ಮೇಲೆದ್ದು, ಆಕ್ಸಿಲರೇಟರ್ ಮೇಲೆ ಕಾಲು ಇರುವಾಗಲೇ ಧಪ್ ಅಂತ ಬಂಡೆ ಮೇಲೆ ಬಿತ್ತು. ಎಡ ಆಕ್ಸಲ್ ಶಾಫ್ಟ್ ಎರಡು ತುಂಡು. ಲಾಕ್ ಆದ ಡಿಫ್‌ನಲ್ಲಿ (ಡಿಫರೆನ್ಷಿಯಲ್, ತಿರುವಿನಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಗುಂಪು) ಹಿಡಿತ ಸಿಕ್ಕ ಒಂದೇ ಚಕ್ರಕ್ಕೆ ಎಲ್ಲ ಬಲವೂ ಹೋಗುತ್ತದೆ, ಅದರ ಜೊತೆಗೆ ವೇಗವೂ ಸೇರಿದರೆ ಶಾಫ್ಟ್ ಉಳಿಯುವುದಿಲ್ಲ. ಅದಕ್ಕೇ ಯಾರು ಕೇಳಿದರೂ ಮೊದಲು ಗೇರ್ ಅನ್ನುತ್ತೇನೆ. ನಿಧಾನವಾಗಿ ಹೋಗಲು ಬರುವ ಗಾಡಿಯಲ್ಲಿ ಮಾತ್ರ ಲಾಕರ್ ತನ್ನ ಕೆಲಸ ನೆಟ್ಟಗೆ ಮಾಡುತ್ತದೆ.

ಈಗ ಗೇರ್ ವಿಷಯ. ನನ್ನ ಗಾಡಿಗೆ 4.56 ಹಾಕಿಸಿದೆ. ಗೆಳೆಯನದ್ದೂ ಇದೇ ಗಾಡಿ, ಇದೇ ಎಂಜಿನ್, ಇದೇ ಅಳತೆಯ ಟೈರ್, ಆದರೆ ಅವನು 4.88 ಹಾಕಿಸಿದ್ದಾನೆ. ಮೂರು ವಾರ ಗಾಡಿ ಅದಲುಬದಲು ಮಾಡಿಕೊಂಡು ಓಡಿಸಿದೆವು.

3.73 ಅಂದರೆ ಆಕ್ಸಲ್ ಒಳಗಿನ ದೊಡ್ಡ ಗೇರ್ ಕ್ರೌನ್‌ನಲ್ಲಿ 41 ಹಲ್ಲು, ಅದನ್ನು ತಿರುಗಿಸುವ ಸಣ್ಣ ಗೇರ್ ಪಿನಿಯನ್‌ನಲ್ಲಿ 11. 4.56ರಲ್ಲಿ 41ಕ್ಕೆ 9, 4.88ರಲ್ಲಿ 39ಕ್ಕೆ 8. ಅನುಪಾತ ಮೇಲೆ ಹೋದಂತೆಲ್ಲ ಪಿನಿಯನ್ ಸಣ್ಣದಾಗುತ್ತದೆ, ಒಮ್ಮೆಗೆ ಕಚ್ಚಿಕೊಳ್ಳುವ ಹಲ್ಲುಗಳೂ ಕಮ್ಮಿ. ನಮ್ಮಿಬ್ಬರ ಗಾಡಿಯಲ್ಲೂ ಮುಂದಿರುವುದು ಡಾನಾ 30, ಅದು ಮೊದಲೇ ಚಿಕ್ಕ ಆಕ್ಸಲ್. ಹಾಗಾಗಿ 5.13ರ ಕಡೆ ಇಬ್ಬರೂ ತಿರುಗಿ ನೋಡಲಿಲ್ಲ.

ಹೆದ್ದಾರಿಯಲ್ಲಿ ಆರನೇ ಗೇರ್, ಗಂಟೆಗೆ 100 ಕಿ.ಮೀ. ಅಂತಿಟ್ಟುಕೊಳ್ಳಿ. ಹಳೇ ಸಣ್ಣ ಟೈರಿನಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 2230 ಸುತ್ತು ತಿರುಗುತ್ತಿತ್ತು. 33ರ ಟೈರ್ ಬಂದ ಮೇಲೆ ಅದು 1980ಕ್ಕೆ ಇಳಿಯಿತು. ಈ ಎಂಜಿನ್ನಿನ ಟಾರ್ಕ್ ತುದಿ ಮುಟ್ಟುವುದೇ 4000ದಲ್ಲಿ, 2000ದ ಕೆಳಗೆ ಅದರಿಂದ ಏನು ಕೇಳಿದರೂ ಸಿಗುವುದಿಲ್ಲ. 4.56ರಲ್ಲಿ ಸುಮಾರು 2425, 4.88ರಲ್ಲಿ ಸುಮಾರು 2595. ಲೆಕ್ಕ ಹಾಕಿದರೆ ಹಳೇ ಸ್ಥಿತಿಗೆ ಮರಳಲು 4.20ರಷ್ಟು ಸಾಕು, ಅಂದರೆ 4.10 ಹತ್ತಿರ ಬರುತ್ತದೆ. ಆದರೆ ದೊಡ್ಡ ಟೈರ್ ಬರೀ ಎತ್ತರ ಅಲ್ಲ, ತೂಕ ಕೂಡ, ಗಾಡಿಯೂ ಮೇಲೆದ್ದು ಗಾಳಿಗೆ ಜಾಸ್ತಿ ಎದೆ ಕೊಡುತ್ತದೆ. ಲೆಕ್ಕಕ್ಕಿಂತ ಒಂದು ಮೆಟ್ಟಿಲು ಮೇಲೆ ಹೋಗಿದ್ದು ಒಳ್ಳೆಯದೇ ಆಯಿತು.

ಓಡಿಸುವಾಗ ಗೊತ್ತಾಗುವ ವ್ಯತ್ಯಾಸ ಹೀಗಿದೆ. ನನ್ನ 4.56 ಸಮತಟ್ಟಿನಲ್ಲಿ ಆರನೇ ಗೇರಿನಲ್ಲೇ ಆರಾಮಾಗಿ ಹೋಗುತ್ತದೆ, ಉದ್ದ ಏರು ಬಂದರೆ ಐದಕ್ಕೆ ಇಳಿಸಬೇಕು. ಅವನ 4.88 ಅದೇ ಏರನ್ನು ಆರರಲ್ಲೇ ಹತ್ತಿತು. ಎಂಜಿನ್ ಸದ್ದು ಜಾಸ್ತಿ ಇರಬಹುದು ಅಂತ ಅಂಜಿಕೆ ಇತ್ತು. 170 ಸುತ್ತಿನ ವ್ಯತ್ಯಾಸ ಆ ಟೈರಿನ ಗುಂಯ್‌ನಲ್ಲಿ ನನಗೆ ಕೇಳಿಸಲೇ ಇಲ್ಲ. 110 ದಾಟಿದ ಮೇಲೆ ಮಾತ್ರ ನನ್ನ ಗಾಡಿ ಸ್ವಲ್ಪ ಹಗುರ ಅನಿಸಿತು.

ಬಂಡೆ ಮೇಲೆ? ಮೊದಲ ಗೇರ್ 4.46, ಲೋ ರೇಂಜ್ (ತೀರಾ ನಿಧಾನವಾಗಿ ಹೋಗಲು ಇರುವ ಹೆಚ್ಚುವರಿ ಗೇರ್) 2.72. ಇವನ್ನು ಆಕ್ಸಲ್ ಗೇರ್ ಜೊತೆ ಗುಣಿಸಿದರೆ 3.73ರಲ್ಲಿ 45, 4.56ರಲ್ಲಿ 55, 4.88ರಲ್ಲಿ 59. ಎಂಜಿನ್ 750ರಲ್ಲಿ ಸುಮ್ನೆ ತಿರುಗುತ್ತಿದ್ದರೆ ಗಾಡಿಯ ವೇಗ ಗಂಟೆಗೆ 2.6 ಕಿ.ಮೀ. ಇದ್ದದ್ದು 2.1ಕ್ಕೆ, 4.88ರಲ್ಲಿ 2ಕ್ಕೆ ಬರುತ್ತದೆ. 3.73 ಬಿಟ್ಟು ಬಂದವರಿಗೆ ಎರಡೂ ಬೇರೆಯೇ ಗಾಡಿ. ಆದರೆ ಇವೆರಡರ ನಡುವಿನ ಅಂತರ ನೂರಕ್ಕೆ ಏಳು ಅಷ್ಟೇ. ಮಂಡಿಯೆತ್ತರದ ಒಂದೇ ಒಂದು ಮೆಟ್ಟಿಲಿನಲ್ಲಿ ನನ್ನ ಗಾಡಿಗೆ ಕ್ಲಚ್ ಮುಟ್ಟಬೇಕಾಯಿತು, ಅವನದು ಹಾಗೇ ಹತ್ತಿತು. ಉಳಿದ ಕಡೆಯೆಲ್ಲ ನನಗೆ ವ್ಯತ್ಯಾಸ ಕಾಣಲಿಲ್ಲ.

ಯಾವ ಸಂಖ್ಯೆ ಅನ್ನುವುದಕ್ಕಿಂತ ಯಾರು ಕೂರಿಸುತ್ತಾರೆ ಅನ್ನುವುದು ಮುಖ್ಯ. ನನ್ನ ಗಾಡಿಯ ಹಿಂದಿನ ಆಕ್ಸಲ್‌ನ ಡಿಫ್ ಕೂರಿಸಿಕೊಟ್ಟ ಮೇಲೆ 70ರ ಹತ್ತಿರ ಆಕ್ಸಿಲರೇಟರ್ ಬಿಟ್ಟರೆ ಊಂ ಅಂತ ರಾಗ ಎಳೆಯುತ್ತಿತ್ತು. ಓಡಿದರೆ ಸರಿಹೋಗುತ್ತದೆ ಅಂದರು. ಹೋಗಲಿಲ್ಲ. ಬೇರೆ ಮೆಕ್ಯಾನಿಕ್ ಹತ್ತಿರ ಕವರ್ ಬಿಚ್ಚಿಸಿದೆ. ಅವರು ಕ್ರೌನ್ ಹಲ್ಲಿಗೆ ಹಳದಿ ಪೇಸ್ಟ್ ಬಳಿದು, ಕೈಯಲ್ಲೇ ಹಿಂದೆ ಮುಂದೆ ತಿರುಗಿಸಿ, ಟಾರ್ಚ್ ಹಾಕಿ ತೋರಿಸಿದರು. ಪೇಸ್ಟ್ ಅಳಿಸಿಹೋದ ಗುರುತು ಹಲ್ಲಿನ ನಡುವೆ ಇರುವ ಬದಲು ಬುಡಕ್ಕೆ ಇಳಿದಿತ್ತು. ಪಿನಿಯನ್ ಜಾಸ್ತಿ ಒಳಗೆ ಕೂತಿದೆ ಅಂತ ಅರ್ಥ. ಕೂದಲೆಳೆಯಷ್ಟು ತೆಳುವಾದ ಶಿಮ್ (ಅಂತರ ಸರಿಮಾಡುವ ಲೋಹದ ಬಿಲ್ಲೆ) ಒಂದನ್ನು ತೆಗೆದು, ಹಲ್ಲುಗಳ ನಡುವಿನ ಸಡಿಲವನ್ನು 0.15ರಿಂದ 0.25 ಮಿ.ಮೀ. ಒಳಗೆ ತಂದು, ಮತ್ತೆ ಪೇಸ್ಟ್ ಬಳಿದು ನೋಡಿ ಮುಚ್ಚಿದರು. ರಾಗ ನಿಂತಿತು. ಗಾಡಿ ತರುವ ಮುಂಚೆ ಈ ಪೇಸ್ಟಿನ ಗುರುತಿನ ಫೋಟೋ ಕೇಳಿ ಇಸಿದುಕೊಳ್ಳಿ. ಹೊಸ ಗೇರಿನಲ್ಲಿ ಮೊದಲ ಸಲ 20 ನಿಮಿಷ ಓಡಿಸಿ ಪೂರ್ತಿ ಆರಲು ಬಿಡಿ. 800 ಕಿ.ಮೀ. ತನಕ ಭಾರ ಎಳೆಯಬೇಡಿ, ಆಮೇಲೆ ಆಯಿಲ್ ಬದಲಿಸಿ. ಮುಂದಿನ ಹಿಂದಿನ ಆಕ್ಸಲ್ ಎರಡಕ್ಕೂ ಒಂದೇ ಅನುಪಾತ ಇರಬೇಕು ಅನ್ನುವುದು ಗೊತ್ತಿದ್ದದ್ದೇ ಅಲ್ವಾ, ಹಿಂದಕ್ಕೆ ಮಾತ್ರ ಈಗ ಹಾಕಿಸಿ ಮುಂದಕ್ಕೆ ಆಮೇಲೆ ಅಂದರೆ ಅಲ್ಲಿಯವರೆಗೆ ಫೋರ್ ವೀಲ್ ಹಾಕುವಂತಿಲ್ಲ.

ಇನ್ನು ಲಾಕರ್. ನಾನು ಮೊದಲು ಹಾಕಿಸಿದ್ದು ತಾನೇ ಲಾಕ್ ಆಗುವ ಬಗೆಯದು, ಡಿಫ್ ಒಳಗಿನ ಸಣ್ಣ ಸ್ಪೈಡರ್ ಗೇರ್ ತೆಗೆದು ಆ ಜಾಗದಲ್ಲಿ ಕೂರಿಸುವಂಥದ್ದು. ವೈರು ಬೇಡ, ಪೈಪು ಬೇಡ, ಕ್ರೌನ್ ಪಿನಿಯನ್ ಸೆಟ್ಟಿಂಗ್ ಮುಟ್ಟಬೇಕಿಲ್ಲ. ನೇರ ಏರಿನಲ್ಲಿ ಅದರ ಮೇಲೆ ಒಂದೇ ಒಂದು ದೂರಿಲ್ಲ. ಕಷ್ಟ ಇರುವುದು ರಸ್ತೆಯಲ್ಲಿ. ಕಾಲು ತೆಗೆದು ತಿರುಗಿಸಿದರೆ ಹಿಂದಿನಿಂದ ಟಕ್ ಟಕ್ ಸದ್ದು, ಅದೇನೂ ತೊಂದರೆಯಲ್ಲ. ತಿರುವಿನ ನಡುವೆ ಕಾಲು ಕೊಟ್ಟರೆ ಎರಡೂ ಚಕ್ರ ಲಾಕ್ ಆಗಿ ಗಾಡಿ ನೇರಕ್ಕೆ ತಳ್ಳುತ್ತದೆ, ಬಿಟ್ಟರೆ ಸಡಿಲವಾಗಿ ಬಾಲ ಒಂದು ಕಡೆ ಎಳೆಯುತ್ತದೆ. ಚಿಕ್ಕ ವೀಲ್‌ಬೇಸ್, ಮೇಲೆ ಮ್ಯಾನುಯಲ್ ಗೇರ್‌ಬಾಕ್ಸ್, ಪ್ರತಿ ಗೇರ್ ಬದಲಾವಣೆಯಲ್ಲೂ ಈ ಎಳೆದಾಟ. ಮಳೆ ಬಿದ್ದ ತಿರುವಿನಲ್ಲಿ ಮನೆಯವರನ್ನು ಕೂರಿಸಿಕೊಂಡು ಓಡಿಸಲು ನನಗೆ ಧೈರ್ಯ ಬರಲಿಲ್ಲ.

ಕೆಸರಿನ ಓರೆ ಜಾಗದಲ್ಲಿ ಇನ್ನೂ ಕಷ್ಟ. ಸಾದಾ ಡಿಫ್ ಆದರೆ ಒಂದು ಚಕ್ರ ಸುತ್ತಿದರೂ ಇನ್ನೊಂದು ನೆಲ ಹಿಡಿದು ಬಾಲವನ್ನು ಜಾಗದಲ್ಲಿ ಇಡುತ್ತದೆ. ಲಾಕ್ ಆಗಿದ್ದರೆ ಎರಡೂ ಒಟ್ಟಿಗೆ ಸುತ್ತಿ ಹಿಂಭಾಗ ಇಳಿಜಾರಿಗೆ ಜಾರುತ್ತದೆ. ಬೇಡ ಅಂದಾಗ ತೆಗೆಯಲು ಬರುವ ಲಾಕರ್ ಬೇಕು ಅಂತ ನನಗೆ ಅನಿಸಿದ್ದು ಅಲ್ಲೇ.

ಆಕ್ಸಲ್‌ಗೆ 4.56 ಗೇರ್ ಹಾಕಿಸುವಾಗಲೇ ಕಂಪ್ರೆಸರ್ ಗಾಳಿಯ ಒತ್ತಡದಲ್ಲಿ ನಡೆಯುವ ಲಾಕರ್ ಹಾಕಿಸಿದೆ. ಇದಕ್ಕೆ ಕ್ರೌನ್ ಹೊತ್ತಿರುವ ಇಡೀ ಕ್ಯಾರಿಯರ್ ಬದಲಾಗುತ್ತದೆ, ಬೇರಿಂಗ್, ಶಿಮ್ ಎಲ್ಲ ಹೊಸದಾಗಿ ಕೂರಬೇಕು. ಗೇರ್‌ಗಾಗಿ ಹೇಗೂ ಬಿಚ್ಚಿರುತ್ತಾರೆ, ಆ ಕೂಲಿ ಎರಡು ಸಲ ಕೊಡಬೇಕಿಲ್ಲ. ಸ್ವಿಚ್ ಒತ್ತಿದರೆ ಕಟ್ ಅಂತ ಪೂರ್ತಿ ಲಾಕ್, ತೆಗೆದರೆ ಕಂಪನಿ ಕೊಟ್ಟಿದ್ದಂತೆಯೇ ಸಾದಾ ಡಿಫ್. ತೊಂದರೆ ಕೊಟ್ಟಿದ್ದು ಒಂದೇ ಸಲ. ಲಾಕ್ ಹಾಕಿದ ಮೇಲೆ ಕಂಪ್ರೆಸರ್ ನಿಮಿಷಕ್ಕೊಮ್ಮೆ ತಾನೇ ಶುರುವಾಗುತ್ತಿತ್ತು. ಸೋಪಿನ ನೀರು ಸವರಿ ನೋಡಿದರೆ ಆಕ್ಸಲ್ ಹೌಸಿಂಗ್ ಮೇಲೆ ಗಾಳಿ ಪೈಪಿನ ಜೋಡಣೆಯ ಹತ್ತಿರ ಸಾಸಿವೆಯಷ್ಟು ಗುಳ್ಳೆಗಳು ಒಂದರ ಹಿಂದೆ ಒಂದು ಏಳುತ್ತಿದ್ದವು. ಪೈಪಿನ ತುದಿ ಓರೆಯಾಗಿ ಕತ್ತರಿಸಿದ್ದರು. ನೆಟ್ಟಗೆ ಕತ್ತರಿಸಿ ಹಾಕಿದೆ, ಆಮೇಲೆ ಆ ಸಮಸ್ಯೆ ಬಂದಿಲ್ಲ. ಗಾಡಿ ಕಾಡಿಗೆ ಮಾತ್ರ, ರಸ್ತೆಗೆ ಟ್ರೇಲರ್ ಮೇಲೆ ಹೋಗುತ್ತದೆ ಅನ್ನುವವರಿಗೆ ತಾನೇ ಲಾಕ್ ಆಗುವುದೇ ಸಾಕು. ದಿನಾ ಓಡಿಸುವ ಗಾಡಿಗೆ ನಾನದನ್ನು ಮತ್ತೆ ಹಾಕಿಸುವುದಿಲ್ಲ.

ಗೇರ್ ವಿಷಯದಲ್ಲಿ ನಾನು ಗೆಳೆಯನ ಮುಂದೆ ಒಪ್ಪಿಕೊಂಡಿದ್ದು ಒಂದು. 33ರಲ್ಲೇ ಇರುತ್ತೇನೆ ಅನ್ನುವವರಿಗೆ 4.56 ಸಾಕಾಗುತ್ತದೆ. ಅವನು ಬರುವ ವರ್ಷ 35ರ ಟೈರ್ ಹಾಕುವವನಿದ್ದಾನೆ, ಆಗ ಅವನ 4.88 ಈಗಿನ ನನ್ನ ಗಾಡಿಯ ಥರವೇ ನಡೆಯುತ್ತದೆ, 33ರಲ್ಲಿ 4.60 ಇದ್ದ ಹಾಗೆ. ನಾನು 35 ಹಾಕಿದರೆ ಎರಡೂ ಡಿಫ್ ಮತ್ತೆ ಬಿಚ್ಚಿಸಬೇಕು.