ಬಿಲ್‌ನಲ್ಲಿ ಬರೀ ‘ಬೆಲ್ಟ್ ಕಿಟ್’ ಅಂತ ಬರೆದರೆ ದುಡ್ಡು ಕೊಡಬೇಡಿ: ಬೆಳಗಾವಿಯ ಡೀಸೆಲ್ ಗಾಡಿಯವರು ಓದಿ

ಡಸ್ಟರ್, ಟೆರಾನೋ, ಲಾಡ್ಜಿ, ಸನ್ನಿ ಡೀಸೆಲ್ ಇಟ್ಟುಕೊಂಡವರು ಇದನ್ನು ಪೂರ್ತಿ ಓದಿ. ನಾಲ್ಕಕ್ಕೂ ಎಂಜಿನ್ ಒಂದೇ, 1.5 ಲೀಟರಿನ ಕೆ9ಕೆ. ಅದರಲ್ಲಿ ಚೈನ್ ಇಲ್ಲ, ಟೈಮಿಂಗ್ ಬೆಲ್ಟ್ ಇದೆ, ಅಂದರೆ ಪಿಸ್ಟನ್ ಓಡಾಡಿಸುವ ಕ್ರ್ಯಾಂಕ್ ಮತ್ತು ವಾಲ್ವ್ ತೆರೆಯುವ ಕ್ಯಾಮ್ ಎರಡನ್ನೂ ಒಂದೇ ತಾಳಕ್ಕೆ ತಿರುಗಿಸುವ ರಬ್ಬರ್ ಪಟ್ಟಿ. ಆ ಬೆಲ್ಟ್ ಬದಲಿಸಿದ್ದೇವೆ ಅಂತ 14,500 ರೂಪಾಯಿ ತಗೊಂಡು, ಬೆಲ್ಟ್ ಮುಟ್ಟದೇ ಗಾಡಿ ವಾಪಸ್ ಕೊಟ್ಟ ಗ್ಯಾರೇಜು ನಮ್ಮ ಬೆಳಗಾವಿಯಲ್ಲೇ ಇದೆ. ಗಾಡಿ ನಮ್ಮ ಕಾಕಾನ ಡಸ್ಟರ್. ದೂರು ನಡೆಯುತ್ತಿರುವುದರಿಂದ ಗ್ಯಾರೇಜಿನ ಹೆಸರು ಹಾಕುತ್ತಿಲ್ಲ. ಆದರೆ ಮೋಸ ಹೇಗೆ ಮಾಡಿದರು ಅನ್ನುವುದನ್ನು ಒಂದೂ ಬಿಡದೆ ಹೇಳುತ್ತೇನೆ, ಯಾಕೆಂದರೆ ಈ ಮೋಸ ಯಾವ ಗ್ಯಾರೇಜಿನಲ್ಲಾದರೂ ಮಾಡಬಹುದು.

ಕಾಕಾ ಹೇಳಿದ್ದು ಸ್ಪಷ್ಟ: "ಟೈಮಿಂಗ್ ಬೆಲ್ಟ್, ಟೆನ್ಷನರ್, ವಾಟರ್ ಪಂಪ್ ಮೂರೂ ಹೊಸಾದು ಹಾಕ್ರಿ." ಟೆನ್ಷನರ್ ಅಂದರೆ ಬೆಲ್ಟನ್ನು ಬಿಗಿಯಾಗಿ ಹಿಡಿಯುವ ರಾಟೆ. ಗ್ಯಾರೇಜಿನವರೂ "ಹೂಂ ರೀ" ಅಂದರು. ಬೆಳಿಗ್ಗೆ ಬಿಟ್ಟ ಗಾಡಿ ಊಟದ ಹೊತ್ತಿಗೆ ಮುಂಚೆ ತಯಾರು. ಬಿಲ್ ಮೇಲೆ ಬರೆದದ್ದು "ಬೆಲ್ಟ್ ಕಿಟ್ – 1, ಕೂಲಂಟ್, ಮಜೂರಿ". ವಾಟ್ಸ್‌ಆ್ಯಪ್‌ನಲ್ಲಿ ಹಳೇ ಬೆಲ್ಟಿನ ಫೋಟೋ ಕೂಡ ಕಳಿಸಿದರು, "ನೋಡ್ರಿ ಕಾಕಾ, ಎಷ್ಟ್ ಸವದಿತ್ತು" ಅಂತ.

ಆ ಫೋಟೋ ಇನ್ನೂ ಇದೆ. ಅದರಲ್ಲಿರುವ ಬೆಲ್ಟಿಗೆ ಉದ್ದಕ್ಕೆ ಗೆರೆಗಳಿವೆ. ಉದ್ದ ಗೆರೆ ಇದ್ದರೆ ಅದು ಫ್ಯಾನ್ ಬೆಲ್ಟ್, ಆಲ್ಟರ್ನೇಟರ್ ಮತ್ತು ಎಸಿ ಕಂಪ್ರೆಸರ್ ತಿರುಗಿಸುವಂಥದ್ದು, ಎಂಜಿನ್ ಹೊರಗೆ ಕಾಣುವಂಥದ್ದು. ಟೈಮಿಂಗ್ ಬೆಲ್ಟಿಗೆ ಅಡ್ಡ ಹಲ್ಲುಗಳಿರುತ್ತವೆ. ಈ ಎಂಜಿನ್ನಿನದಕ್ಕೆ 123 ಹಲ್ಲು, ಅಗಲ 27 ಮಿಲಿಮೀಟರ್. ಫ್ಯಾನ್ ಬೆಲ್ಟಿನ ಫೋಟೋ ತೋರಿಸಿ ಟೈಮಿಂಗ್ ಬೆಲ್ಟಿನ ದುಡ್ಡು ತಗೊಂಡರು! ವಯಸ್ಸಾದ ಮನುಷ್ಯನಿಗೆ ಬೆಲ್ಟಿನ ಗೆರೆ ಗೊತ್ತಾಗಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಮುಂದೆ ಕೊಲ್ಹಾಪುರ ಕಡೆ ಹೋಗುವಾಗ ವಂಟಮುರಿ ಘಾಟಿನಲ್ಲಿ ಎಂಜಿನ್ ಒಮ್ಮೆಲೇ ಬಂದ್. ಹೊಗೆ ಇಲ್ಲ, ಜರ್ಕ್ ಇಲ್ಲ, ಮೊದಲು ಯಾವ ಲೈಟೂ ಹತ್ತಿಲ್ಲ. ಸೆಲ್ಫ್ ಹೊಡೆದರೆ ಗರ್ರ್ ಅಂತ ಹಗುರಾಗಿ, ಯಾವತ್ತಿಗಿಂತ ವೇಗವಾಗಿ ತಿರುಗಿತು. ಈ ಸದ್ದನ್ನು ನೆನಪಿಟ್ಟುಕೊಳ್ಳಿ. ಡೀಸೆಲ್ ಎಂಜಿನ್ನಿನಲ್ಲಿ ಸೆಲ್ಫ್ ಹಗುರಾಗಿ ತಿರುಗಿದರೆ ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿಯ ಒತ್ತಡ) ಇಲ್ಲ ಅಂತ ಅರ್ಥ, ಅಂದರೆ ವಾಲ್ವ್‌ಗಳು ತೆರೆದುಕೊಂಡೇ ನಿಂತಿವೆ. ಸೀಜ್ ಆದ, ಅಂದರೆ ಒಳಗೆ ಹಿಡಿದುಕೊಂಡ ಎಂಜಿನ್ ಹಾಗೆ ತಿರುಗುವುದಿಲ್ಲ, ಟಕ್ ಅಂತ ನಿಲ್ಲುತ್ತದೆ. ಹಗುರ ಸದ್ದು ಕೇಳಿದ ಮೇಲೆ ಇನ್ನೊಮ್ಮೆ ಸೆಲ್ಫ್ ಹೊಡೆಯಬಾರದು. ಕೆ9ಕೆಯಲ್ಲಿ ಬೆಲ್ಟ್ ಹೋದರೆ ಪಿಸ್ಟನ್ ಬಂದು ವಾಲ್ವ್‌ಗೆ ಹೊಡೆಯುತ್ತದೆ, ಪ್ರತಿ ಸುತ್ತಿಗೂ ಹೊಡೆಯುತ್ತದೆ.

ಅದೇ ಗ್ಯಾರೇಜಿನ ಹುಡುಗ ಬಂದ. ಬಂದವನು ಟೈಮಿಂಗ್ ಬೆಲ್ಟಿನ ಮೇಲಿನ ಪ್ಲಾಸ್ಟಿಕ್ ಕವರ್ ಬಿಚ್ಚಿ ನೋಡಿದನಾ? ಇಲ್ಲ. ಮತ್ತೆ ಮತ್ತೆ ಸೆಲ್ಫ್ ಹೊಡೆದ. ಬ್ಯಾಟರಿ ಇಳಿದ ಮೇಲೆ ಟೋಚನ್ ಹಚ್ಚಿ (ಬೇರೆ ಗಾಡಿಗೆ ಕಟ್ಟಿ ಎಳೆಸಿ), ಗೇರ್ ಹಾಕಿ ಧಕ್ಕಾ ಸ್ಟಾರ್ಟ್ ಮಾಡಲು ನೋಡಿದ. ಬೆಲ್ಟ್ ಹೋದ ಡೀಸೆಲ್ ಎಂಜಿನ್ನಿಗೆ ಧಕ್ಕಾ ಸ್ಟಾರ್ಟ್! ಎರಡು ವಾಲ್ವ್ ಬಾಗಿದ್ದಲ್ಲಿ ಎಂಟೂ ಬಾಗಿಸುವ ಕೆಲಸ ಅದು. ಆಮೇಲೆ ಮಾಲೀಕ ಹೇಳಿದ್ದು ಇದು: "ಎಂಜಿನ್ ಸೀಜ್ ಆಗೇದ್ರಿ. ಹಾಫ್ ಎಂಜಿನ್ ಹಾಕಸ್ರಿ. ಒಂದ್ ಲಾಖ್ ಇಪ್ಪತ್ತ ಸಾವಿರದಾಗ ಮಾಡಿ ಕೊಡ್ತೀನಿ, ನಿಮಗಂತ."

ಹಾಫ್ ಎಂಜಿನ್ ಅಂದರೆ ಎಂಜಿನ್ನಿನ ಕೆಳಗಿನ ಅರ್ಧ, ಬ್ಲಾಕ್, ಕ್ರ್ಯಾಂಕ್, ಪಿಸ್ಟನ್ ಸಮೇತ. ಸೀಜ್ ಆಗಿತ್ತಾ? ಕ್ರ್ಯಾಂಕ್ ಪುಲ್ಲಿ ಬೋಲ್ಟಿಗೆ ಪಾನಾ ಹಾಕಿ ಕೈಯಿಂದ ಮೆಲ್ಲಗೆ ತಿರುಗಿಸಿದರೆ ಇದು ಅಲ್ಲೇ ಗೊತ್ತಾಗುತ್ತದೆ. ಸ್ವಲ್ಪವೂ ಅಲುಗಾಡದಿದ್ದರೆ ಸೀಜ್. ಒಂದು ಜಾಗದವರೆಗೆ ಸಲೀಸಾಗಿ ಹೋಗಿ ತಡೆದು, ಹಿಂದಕ್ಕೂ ಸಲೀಸಾಗಿ ಬಂದರೆ ಪಿಸ್ಟನ್ ವಾಲ್ವ್‌ಗೆ ತಾಗುತ್ತಿದೆ ಅಂತ ಅರ್ಥ, ಒತ್ತಬಾರದು. ನಮ್ಮದು ಎರಡನೆಯದು. ಬೇರಿಂಗ್, ಕ್ರ್ಯಾಂಕ್ ಎಲ್ಲಾ ಸರಿ ಇದ್ದವು. ಸರಿ ಇರುವ ಎಂಜಿನ್ ತೆಗೆದು ಗುಜರಿಯ ಎಂಜಿನ್ ಹಾಕಲು ಹೊರಟಿದ್ದರು. ಗಾಡಿ ಅಲ್ಲಿಂದ ಎತ್ತಿಸಿಕೊಂಡು ಹೋಗಿ ಬೇರೆ ಮಿಸ್ತ್ರಿಯ ಹತ್ತಿರ ಬಿಚ್ಚಿಸಿದೆವು.

ಮುಂದಿನ ಬಲಗಡೆ ಚಕ್ರ ತೆಗೆದು, ಒಳಗಿನ ಲೈನರ್ ಬಿಚ್ಚಿದ ಕೂಡಲೇ ಎಲ್ಲಾ ಗೊತ್ತಾಯಿತು. ಈ ಬೆಲ್ಟ್ ಬದಲಿಸಬೇಕಾದರೆ ಎಂಜಿನ್ನಿಗೆ ಕೆಳಗಿಂದ ಜ್ಯಾಕ್ ಕೊಟ್ಟು ಬಲಗಡೆಯ ಮೌಂಟಿಂಗ್ ಬಿಚ್ಚಲೇಬೇಕು, ಕ್ರ್ಯಾಂಕ್ ಪುಲ್ಲಿ ತೆಗೆಯಲೇಬೇಕು, ಬೇರೆ ದಾರಿ ಇಲ್ಲ. ಮೌಂಟಿಂಗ್ ಬೋಲ್ಟಿನ ತಲೆ ಸುತ್ತ ಹಲವು ಮಳೆಗಾಲದ ಎರೆಮಣ್ಣು ಒಣಗಿ ಕಲ್ಲಾಗಿ ಕೂತಿತ್ತು. ಪಾನಾ ತಾಗಿದ್ದರೆ ಆ ಮಣ್ಣು ಉದುರಬೇಕಿತ್ತು. ಕೆಳಗಿನ ಕವರಿನ ಬೋಲ್ಟುಗಳ ತುಕ್ಕೂ ಹಾಗೇ ಇತ್ತು. ಒಳಗಿದ್ದದ್ದು ಕಂಪನಿ ಬೆಲ್ಟ್, ಬೆನ್ನ ಮೇಲಿನ ಅಕ್ಷರ ಅರ್ಧ ಅಳಿಸಿಹೋಗಿ, ರಬ್ಬರು ಬಿರುಕು ಬಿಟ್ಟು, ಕ್ರ್ಯಾಂಕ್ ಹತ್ತಿರದ ಹಲ್ಲುಗಳು ಸಾಲಾಗಿ ಕಿತ್ತುಹೋಗಿದ್ದವು. ಅದರ ಕಾರಣವೂ ಪಕ್ಕದಲ್ಲೇ ಇತ್ತು: ವಾಟರ್ ಪಂಪ್. ಇದರಲ್ಲಿ ವಾಟರ್ ಪಂಪನ್ನು ತಿರುಗಿಸುವುದು ಟೈಮಿಂಗ್ ಬೆಲ್ಟೇ. ಪಂಪಿನ ಬೇರಿಂಗ್ ಸಡಿಲಾಗಿ, ಕೂಲಂಟ್ ಜಿನುಗಿ ಒಣಗಿದ ಕಲೆ ಬ್ಲಾಕಿನ ಮೇಲೆ ಕಟ್ಟಿತ್ತು. ಪಂಪ್ ವಾಲಿದರೆ ಬೆಲ್ಟ್ ಒಂದು ಅಂಚಿಗೆ ಸರಿದು ಸವೆಯುತ್ತದೆ. ಹೊಸ ಪಂಪ್ ಹಾಕಿ ಅಂತ ಕಾಕಾ ಹೇಳಿದ್ದು ಇದಕ್ಕೇ!

ಬಿಚ್ಚಿದ ಸಾಮಾನು, ಬಿಲ್, ಫೋಟೋ ಎಲ್ಲಾ ತಗೊಂಡು ಅಲ್ಲಿಗೆ ಹೋದೆವು. ಮೊದಲ ಉತ್ತರ: "ಹಾಕೀವ್ರಿ ಸರ, ಬಿಲ್ ನೋಡ್ರಿ, ಬೆಲ್ಟ್ ಕಿಟ್ ಅಂತ ಅದ." ಹಳೇ ಬೆಲ್ಟ್ ಟೇಬಲ್ ಮೇಲಿಟ್ಟೆವು. ಆಗ ಬಂದದ್ದು ಈ ಮಾತು:

"ಟೈಮಿಂಗ್ ಅಂತ ಎಲ್ಲಿ ಬರದೀವ್ರಿ? ಬೆಲ್ಟ್ ಅಂದ್ರ ಬೆಲ್ಟ. ಫ್ಯಾನ್ ಬೆಲ್ಟ್ ಹೊಸಾದು ಹಾಕೀವಿ, ಹೋಗಿ ನೋಡ್ರಿ."

ಅಂದರೆ ಮೊದಲೇ ಯೋಚಿಸಿ ಬರೆದ ಬಿಲ್ ಅದು. ತಪ್ಪಿ ಆದದ್ದಲ್ಲ, ಮರೆತದ್ದೂ ಅಲ್ಲ. ಗಿರಾಕಿಗಳೆಲ್ಲ ನಿಂತು ನೋಡುತ್ತಿರುವಾಗ ಕಾಕಾನಿಗೆ ಹೇಳಿದರು, "ನಿಮಗ ಗಾಡಿದು ತಿಳಿಯಂಗಿಲ್ರಿ ಕಾಕಾ, ಸುಮ್ನ ಇರ್ರಿ." ಆಮೇಲೆ ಇನ್ನೊಂದು: "ನೀವ ಸೆಲ್ಫ್ ಹೊಡದ್ರಿ, ಅದಕ್ಕ ವಾಲ್ವ್ ಬೆಂಡ್ ಆದ್ವು." ಸೆಲ್ಫ್ ಹೊಡೆದದ್ದು ಅವರದೇ ಹುಡುಗ, ಧಕ್ಕಾ ಹೊಡೆಸಿದ್ದೂ ಅವನೇ. ಹಾಗಂದರೆ "ಹುಡುಗ ಕೆಲಸ ಬಿಟ್ಟ ಹೋಗ್ಯಾನ್ರಿ." ಕಾಕಾ ಒಂದು ಮಾತೂ ಆಡಲಿಲ್ಲ. ಆ ಅವಮಾನಕ್ಕೆ 14,500 ಲೆಕ್ಕವೇ ಅಲ್ಲ.

ಇನ್ನು ರಿಪೇರಿ. ಇಲ್ಲೂ ಮೋಸ ಹೋಗುವ ಜಾಗಗಳು ಬೇಕಾದಷ್ಟಿವೆ, ಅದಕ್ಕೆ ವಿವರವಾಗಿ ಹೇಳುತ್ತೇನೆ. "ವಾಲ್ವ್ ಹಾಕಿ, ಬೆಲ್ಟ್ ಹಾಕಿ ಸ್ಟಾರ್ಟ್ ಮಾಡಿ ಕೊಡ್ತೀವಿ" ಅನ್ನುವವರಿಗೆ ಗಾಡಿ ಕೊಡಬೇಡಿ. ಈ ಎಂಜಿನ್ನಿನಲ್ಲಿ ವಾಲ್ವ್‌ಗಳು ನೆಟ್ಟಗೆ ನಿಂತಿವೆ, ಕ್ಯಾಮ್ ನೇರವಾಗಿ ಟಾಪೆಟ್ (ವಾಲ್ವ್ ತುದಿಯ ಮೇಲಿನ ಲೋಹದ ಬಟ್ಟಲು) ಮೇಲೆ ಕೂತಿದೆ. ಪಿಸ್ಟನ್ ಹೊಡೆತ ವಾಲ್ವ್ ಬಾಗಿಸುವುದಷ್ಟೇ ಅಲ್ಲ, ಟಾಪೆಟ್ ಒಡೆಯಬಹುದು, ಕ್ಯಾಮ್ ಮತ್ತು ಅದರ ಕ್ಯಾಪ್ ಬಿರುಕು ಬಿಡಬಹುದು, ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಕೂಡ ಬಾಗಬಹುದು. ರಾಡ್ ನೋಡುವುದು ಬಹಳ ಸುಲಭ, ಆದರೂ ಯಾರೂ ನೋಡುವುದಿಲ್ಲ. ಹೆಡ್ (ವಾಲ್ವ್‌ಗಳು ಕೂತಿರುವ ಎಂಜಿನ್ನಿನ ಮೇಲ್ಭಾಗ) ಎತ್ತಿದಾಗ ನಾಲ್ಕೂ ಪಿಸ್ಟನ್ ಒಂದೊಂದಾಗಿ ತುದಿಗೆ ತಂದು, ಬ್ಲಾಕಿನ ಮೇಲ್ಮೈಯಿಂದ ಎಷ್ಟು ಮೇಲಿದೆ ಅಂತ ಡಯಲ್ ಗೇಜಿನಲ್ಲಿ ಅಳೆಯಬೇಕು. ಒಂದು ಉಳಿದ ಮೂರಕ್ಕಿಂತ ಕೆಳಗಿದ್ದರೆ ಆ ರಾಡ್ ಬಾಗಿದೆ. ಇದು ನೋಡದೆ ಹೆಡ್ ಕೂರಿಸಿದರೆ ಆ ಸಿಲಿಂಡರಿನ ಕಂಪ್ರೆಷನ್ ಸರಿ ಬರಲ್ಲ, ಬಾಗಿದ ರಾಡ್ ಮುಂದೆ ಮುರಿದು ಬ್ಲಾಕ್ ಒಡೆಯಬಹುದು.

ಹೆಡ್ ಕೆಲಸ ಉದ್ಯಮಬಾಗದಲ್ಲಿ ಮಾಡಿಸಿದೆವು, ನಮ್ಮ ಊರಲ್ಲಿ ಅದಕ್ಕೆ ಕೊರತೆ ಇಲ್ಲ. ಅಲ್ಲಿನವರು ಬಿಚ್ಚಿದ ವಾಲ್ವ್‌ಗಳನ್ನು ಗಾಜಿನ ಮೇಲೆ ಉರುಳಿಸಿ ತೋರಿಸಿದರು. ಕೆಲವು ಕಣ್ಣಿಗೆ ನೆಟ್ಟಗಿದ್ದವು, ಉರುಳಿಸಿದಾಗ ಕಡ್ಡಿಯ ಕೆಳಗೆ ಬೆಳಕಿನ ಎಳೆ ಕಂಡು ಮಾಯವಾಗುತ್ತಿತ್ತು. ಅಷ್ಟು ಬಾಗಿದರೂ ವಾಲ್ವ್ ಸೀಟಿಗೆ ಕೂರಲ್ಲ. ನಾಲ್ಕು ಇನ್‌ಲೆಟ್, ನಾಲ್ಕು ಎಕ್ಸಾಸ್ಟ್, ಎಂಟೂ ಹೊಸದು ಹಾಕಿ. ಗೈಡ್ (ವಾಲ್ವ್ ಕಡ್ಡಿ ಓಡಾಡುವ ಕೊಳವೆ) ನೋಡಿಸಿ, ವಾಲ್ವ್ ಸೀಲ್ ಎಂಟೂ ಬದಲಿಸಿ. ಹೆಡ್ ಬಾಗಿದೆಯಾ ಅಂತ ಸ್ಕೇಲ್ ಮತ್ತು ಫೀಲರ್ ಗೇಜಿನಲ್ಲಿ ನೋಡಬೇಕು. ನೋಡದೇ "ಒಂದ್ ಫೇಸಿಂಗ್ ಹೊಡದ್ಬಿಡೂಣ್ರಿ" ಅಂದರೆ ಬಿಡಬೇಡಿ, ಹೆಡ್ ಹೆರೆದಷ್ಟೂ ವಾಲ್ವ್ ಪಿಸ್ಟನ್ನಿಗೆ ಹತ್ತಿರವಾಗುತ್ತದೆ. ಟಾಪೆಟ್ ಗ್ಯಾಪ್ ತಾನಾಗಿ ಸರಿಯಾಗಲ್ಲ, ಇದರಲ್ಲಿ ಗ್ಯಾಪ್ ತಾನೇ ಸರಿಮಾಡಿಕೊಳ್ಳುವ ಹೈಡ್ರಾಲಿಕ್ ಟಾಪೆಟ್ ಇಲ್ಲ. ಇನ್‌ಲೆಟ್ 0.20, ಎಕ್ಸಾಸ್ಟ್ 0.40 ಮಿಲಿಮೀಟರ್ ಸುತ್ತ ಬರುವಂತೆ ಬೇರೆ ಬೇರೆ ದಪ್ಪದ ಟಾಪೆಟ್ ಆರಿಸಿ ಕೂರಿಸಬೇಕು. ತಾಳ್ಮೆ ಬೇಡುವ ಕೆಲಸ, ಅದಕ್ಕೇ ಬಿಟ್ಟುಬಿಡುತ್ತಾರೆ. ಹೆಡ್ ಬೋಲ್ಟ್ ಹೊಸದು, ಗ್ಯಾಸ್ಕೆಟ್ ಹೊಸದು, ಇಂಜೆಕ್ಟರ್ ಕೆಳಗಿನ ತಾಮ್ರದ ವಾಷರ್ ಹೊಸದು. ಯಾವ ಇಂಜೆಕ್ಟರ್ ಯಾವ ಸಿಲಿಂಡರಿನದೋ ಅಲ್ಲಿಗೇ ವಾಪಸ್ ಹೋಗಬೇಕು, ಒಂದೊಂದಕ್ಕೂ ಒಂದೊಂದು ಕೋಡ್ ಇದೆ.

ಬೆಲ್ಟ್ ಕೂರಿಸುವಾಗ ಕ್ರ್ಯಾಂಕಿಗೆ ಒಂದು, ಕ್ಯಾಮಿಗೆ ಒಂದು ಲಾಕ್ ಪಿನ್ ಹಾಕಲೇಬೇಕು. ಬಿಳಿ ಪೇಂಟಿನ ಗುರುತು ಹಾಕಿ ಕೂರಿಸುವವನು ಕೈಚಳಕದವನಲ್ಲ, ಪಿನ್ ಇಲ್ಲದವನು. ಟೆನ್ಷನರ್ ಬಿಗಿದ ಮೇಲೆ ಕ್ರ್ಯಾಂಕನ್ನು ಕೈಯಿಂದಲೇ ಎರಡು ಪೂರ್ತಿ ಸುತ್ತು ತಿರುಗಿಸಿ, ಎರಡೂ ಪಿನ್ ಮತ್ತೆ ಸಲೀಸಾಗಿ ಕೂರುತ್ತವಾ ಅಂತ ನೋಡಬೇಕು. ಕೂರದಿದ್ದರೆ ಒಂದು ಹಲ್ಲು ತಪ್ಪಿದೆ, ಮತ್ತೆ ಮೊದಲಿಂದ. ಹಲ್ಲು ತಪ್ಪಿಯೇ ಸ್ಟಾರ್ಟ್ ಆದರೆ ಸ್ಕ್ಯಾನರಿನಲ್ಲಿ ಪಿ0016 ಬರಬಹುದು, ಅದು ಕ್ರ್ಯಾಂಕ್, ಕ್ಯಾಮ್ ತಾಳ ತಪ್ಪಿದೆ ಅನ್ನುವ ಕೋಡ್. ಅದನ್ನು "ಸೆನ್ಸಾರ್ ಹೋಗೇದ" ಅಂತ ಸೆನ್ಸಾರ್ ಮಾರುವವರೂ ಇದ್ದಾರೆ. ಫ್ಯಾನ್ ಬೆಲ್ಟೂ ಅದೇ ಹೊತ್ತಿಗೆ ಬದಲಿಸಿ, ಅದು ಹರಿದು ಎಳೆ ಬಿಟ್ಟರೆ ಪುಲ್ಲಿಯ ಹಿಂದೆ ಸೇರಿ ಟೈಮಿಂಗ್ ಬೆಲ್ಟಿಗೆ ಸುತ್ತಿಕೊಳ್ಳುತ್ತದೆ.

ಪೋಲೋ, ವೆಂಟೋ, ರ‍್ಯಾಪಿಡ್ ಡೀಸೆಲ್, ಇಕೋಸ್ಪೋರ್ಟ್ ಡೀಸೆಲ್, ಹಳೇ 2.5 ಇನ್ನೋವಾ ಇವುಗಳಲ್ಲೂ ಟೈಮಿಂಗ್ ಬೆಲ್ಟೇ. ಸ್ವಿಫ್ಟ್ 1.3 ಡೀಸೆಲ್ಲಿಗೆ ಚೈನ್ ಇದೆ, ಅದರ ಮಾತು ಇದಕ್ಕೆ ತರಬೇಡಿ. ಮ್ಯಾನ್ಯುವಲ್‌ನಲ್ಲಿ ಕಿಲೋಮೀಟರ್ ಒಂದೇ ಅಲ್ಲ, ವರ್ಷವೂ ಇರುತ್ತದೆ, ಯಾವುದು ಮೊದಲು ಬಂದರೆ ಅದು. ಗಾಡಿ ಶೆಡ್ಡಿನಲ್ಲೇ ನಿಂತಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ.

ಬಿಲ್‌ನಲ್ಲಿ "ಟೈಮಿಂಗ್ ಬೆಲ್ಟ್", "ಟೆನ್ಷನರ್", "ವಾಟರ್ ಪಂಪ್" ಅಂತ ಮೂರು ಬೇರೆ ಬೇರೆ ಸಾಲು, ಪ್ರತಿಯೊಂದಕ್ಕೂ ಪಾರ್ಟ್ ನಂಬರ್, ಓಡಿದ ಕಿಲೋಮೀಟರ್, ಪಕ್ಕಾ ಜಿಎಸ್‌ಟಿ ಬಿಲ್. ಹಳೇ ಮೂರೂ ಸಾಮಾನು ಕೈಗೆ ಬರಬೇಕು, ಫೋಟೋ ಬೇಡ. ಕವರ್ ಮುಚ್ಚುವ ಮೊದಲು ಹೊಸ ಬೆಲ್ಟ್ ಗಾಡಿಯಲ್ಲೇ ಕೂತಿರುವುದನ್ನು ನಿಂತು ನೋಡಿ. ಸರಿಯಾಗಿ ಮಾಡಿದರೆ ಇದು ಊಟದೊಳಗೆ ಮುಗಿಯುವ ಕೆಲಸವಲ್ಲ. ಮೋಸ ಆಗಿದ್ದರೆ ಹಳೇ ಸಾಮಾನು ಎಸೆಯಬೇಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು, ಕೊಟ್ಟ ದುಡ್ಡು 5 ಲಕ್ಷದೊಳಗಿದ್ದರೆ ಫೀ ಇಲ್ಲ. ನಾವು ಕಿತ್ತುಹೋದ ಬೆಲ್ಟ್, ಪಂಪ್, ಎಂಟು ವಾಲ್ವ್, ಆ ವಾಟ್ಸ್‌ಆ್ಯಪ್ ಫೋಟೋದ ಪ್ರಿಂಟ್ ಎಲ್ಲಾ ದೂರಿನ ಜೊತೆ ಇಟ್ಟಿದ್ದೇವೆ.